ಕಿವುಡು ತಿರುವಿಗೊಂದು ಅರ್ಜಿ

ಒಂದು ವಾಕಿಟಾಕಿ ಸೆಟ್ಟಿನ ಬೆಲೆ ಒಬ್ಬ ಪೊಲೀಸ್ ಪೇದೆಯ ಎರಡು ತಿಂಗಳ ಸಂಬಳ. ಅದರ ಬ್ಯಾಟರಿಗೆ ಎಂಟು ದಿನದ ಸಂಬಳ. ಗುಡ್ಡದ ನೆತ್ತಿಯ ಮೇಲೊಂದು ಕಂಬ ನಿಲ್ಲಿಸಿ, ಸೆಟ್ಟಿನ ದನಿಯನ್ನು ಹಿಡಿದು ಮುಂದಕ್ಕೆ ದಾಟಿಸುವ ಯಂತ್ರ ಕೂರಿಸಬೇಕೆಂದರೆ ಹನ್ನೊಂದು ಪೇದೆಗಳ ಇಡೀ ವರ್ಷದ ಸಂಬಳ. ಮೊಣಕಾಲಿನ ಕೆಳಗೆ ಕಟ್ಟಿಕೊಳ್ಳುವ ಕೃತಕ ಕಾಲಿಗೆ ಐದು ತಿಂಗಳ ಸಂಬಳ. ಅದರಲ್ಲಿ ಅರ್ಧ ಇಲಾಖೆಯದು, ಅರ್ಧ ಕಾಲು ಕಳೆದುಕೊಂಡವನದೇ. ಇಷ್ಟನ್ನೂ ಬಿಡಿಸಿ ಹೇಳಿ ಅನುದಾನ ಕೇಳುವ ಒಂದು ಅರ್ಜಿಗೆ, ಝೆರಾಕ್ಸು, ಫೈಲು, ದಾರ, ಅಂಚೆ ಎಲ್ಲ ಸೇರಿ, ಅರ್ಧ ದಿನದ ಸಂಬಳ.

ಈ ಲೆಕ್ಕ ಜಿಲ್ಲಾ ಪೊಲೀಸ್ ಕಚೇರಿಯ, ಎಲ್ಲರೂ ಅರ್ಜಿ ಅಕ್ಕ ಎನ್ನುವ ಗುಮಾಸ್ತೆಗೆ ಬಾಯಿಪಾಠ. ಎಲ್ಲದರ ಬೆಲೆಯನ್ನೂ ಆಕೆ ಸಂಬಳದಲ್ಲೇ ಹೇಳುತ್ತಾರೆ. "ದುಡ್ಡಲ್ಲಿ ಹೇಳಿದ್ರೆ ಯಾರಿಗೂ ತಟ್ಟಲ್ಲ. ಸಂಬಳದಲ್ಲಿ ಹೇಳಿದ್ರೆ ಸಾಹೇಬ್ರಿಂದ ಹಿಡಿದು ಕಸ ಗುಡಿಸೋರವರೆಗೂ ಎಲ್ರೂ ಒಂದ್ಸಲ ಉಗುಳು ನುಂಗ್ತಾರೆ."

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಇದೆ. ಕಚೇರಿ ತೆರೆಯುವುದು ಹತ್ತಕ್ಕೆ. ಆದರೂ ಅಕ್ಕ ಐದೂ ಹತ್ತರ ಮೊದಲ ಬಸ್ಸು ಹಿಡಿದು ಬಂದು, ಇಪ್ಪತ್ತೆರಡು ಮೆಟ್ಟಿಲು ಹತ್ತಿ, ವೈರ್‌ಲೆಸ್ ಕೋಣೆಯ ಮೂಲೆಯ ಮರದ ಸ್ಟೂಲಿನ ಮೇಲೆ ಕೂತಿದ್ದಾರೆ. ತೊಡೆಯ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕು, ಕೈಯಲ್ಲಿ ನೀಲಿ ಪೆನ್ನು. ಕೋಣೆಗೆ ಒಂದೇ ಕಿಟಕಿ. ಗೋಡೆಯಲ್ಲಿ ಗಡಿಯಾರ. ಮೇಜಿನ ಮೇಲೆ ಇಪ್ಪತ್ತು ವರ್ಷ ಹಳೆಯ ವೈರ್‌ಲೆಸ್ ಪೆಟ್ಟಿಗೆ, ಅದರ ಮುಂದೆ ಎತ್ತರದ ಆಳು, ಎಲ್ಲರ ಬಾಯಲ್ಲೂ ಉದ್ದಣ್ಣ. ಅವನ ಕುರ್ಚಿಯ ಪಕ್ಕ ಒಂದು ಊರುಗೋಲು ಒರಗಿದೆ.

ಆರು ಹೊಡೆದ ಕೂಡಲೇ ಉದ್ದಣ್ಣ ಗುಂಡಿ ಒತ್ತುತ್ತಾನೆ. "ಒಂದು, ಒಂದು, ಕಂಟ್ರೋಲ್ ಕರೀತಿದೆ."

"ಒಂದು. ಕೇಳಿಸ್ತಿದೆ, ಓವರ್."

ಜಿಲ್ಲೆಯ ಹದಿನಾಲ್ಕು ಕಡೆ ಹದಿನಾಲ್ಕು ಸೆಟ್ಟುಗಳು. ಪ್ರತಿ ದಿನ ಬೆಳಿಗ್ಗೆ ಒಂದೊಂದನ್ನೂ ಹೆಸರು ಹಿಡಿದು ಕರೆದು, ಉತ್ತರ ಬಂತೋ ಇಲ್ಲವೋ ಎಂದು ಲಾಗ್ ಪುಸ್ತಕದಲ್ಲಿ ಬರೆಯಬೇಕು. ನಾಲ್ಕು ಎರಡನೆಯ ಕರೆಗೆ ಓಗೊಡುತ್ತದೆ. ಒಂಬತ್ತು ಮೂರನೆಯ ಕರೆಗೆ, ಅದೂ ಬಾಯಿಗೆ ಬಟ್ಟೆ ತುರುಕಿಕೊಂಡವರ ದನಿಯಲ್ಲಿ. ಅಕ್ಕ ಬರೆದುಕೊಳ್ಳುತ್ತಾ ಹೋಗುತ್ತಾರೆ.

"ಹನ್ನೊಂದು, ಹನ್ನೊಂದು, ಕಂಟ್ರೋಲ್ ಕರೀತಿದೆ."

ಸದ್ದಿಲ್ಲ. ಬಿಸಿ ಎಣ್ಣೆಯಲ್ಲಿ ನೀರು ಬಿದ್ದಂಥ ಚರಚರ ಮಾತ್ರ.

ಹನ್ನೊಂದು ಅಂದರೆ ಹೆದ್ದಾರಿ ಗಸ್ತಿನ ಮೋಟಾರ್ ಸೈಕಲ್ಲು. ಅದರ ಹಿಂದಿನ ಸೀಟಿನಲ್ಲಿ ಸೆಟ್ಟು ಹಿಡಿದು ಕೂತಿರುವವಳು ಅಕ್ಕನ ಒಬ್ಬಳೇ ಮಗಳು, ಆರು ವರ್ಷದಿಂದ ಪೇದೆ. ಆರು ಗಂಟೆಗೆ ಸರಿಯಾಗಿ ಆ ಗಾಡಿ ಕಲ್ಲುಗಣಿಯ ತಿರುವಿನೊಳಗೆ ಇರುತ್ತದೆ. ನಾಲ್ಕು ಕಿಲೋಮೀಟರು ಉದ್ದಕ್ಕೂ ಎರಡೂ ಕಡೆ ಕಡಿದ ಬಂಡೆಯ ಗೋಡೆ. ಅಲ್ಲಿ ವೈರ್‌ಲೆಸ್ಸೂ ಇಲ್ಲ, ಫೋನೂ ಇಲ್ಲ. ಪೊಲೀಸರು ಅದಕ್ಕೆ ಕಿವುಡು ತಿರುವು ಅನ್ನುತ್ತಾರೆ.

ತಿರುವು ದಾಟಲು ಮೋಟಾರ್ ಸೈಕಲ್ಲಿಗೆ ಒಂಬತ್ತು ನಿಮಿಷ ಬೇಕು. ಅಕ್ಕನಿಗೆ ಅದೂ ಬಾಯಿಪಾಠ. ಹದಿನಾಲ್ಕರವರೆಗೂ ಕರೆದು ಮುಗಿಸಿ ಉದ್ದಣ್ಣ ಮತ್ತೆ ಹನ್ನೊಂದಕ್ಕೆ ಬರುತ್ತಾನೆ. ಆರೂ ಒಂಬತ್ತು. ಉತ್ತರವಿಲ್ಲ. ಆರೂ ಹತ್ತು. ಅಕ್ಕನ ಪೆನ್ನು ಕಾಗದಕ್ಕೆ ತಾಗಿಕೊಂಡೇ ಇದೆ. ತುದಿಯಲ್ಲಿ ನೀಲಿ ಚುಕ್ಕೆ ದೊಡ್ಡದಾಗುತ್ತಿದೆ. ಆರೂ ಹನ್ನೆರಡು.

"ಟಯರ್ ಪಂಕ್ಚರ್ ಆಗಿರುತ್ತೆ ಬಿಡಕ್ಕ," ಅನ್ನುತ್ತಾನೆ ಉದ್ದಣ್ಣ, ಆಕೆಯ ಕಡೆ ನೋಡದೆ.

"ಹೂಂ."

"ಇಲ್ಲ ಅಂದ್ರೆ ಕುರಿ ಅಡ್ಡ ಬಂದಿರುತ್ತೆ."

"ಹೂಂ ಅಂದ್ನಲ್ಲಪ್ಪ. ನೀನು ಕರಿ."

ಆರೂ ಹದಿನೈದಕ್ಕೆ ಪಕ್ಕದ ಠಾಣೆಯಿಂದ ಜೀಪು ಹೊರಡಿಸುತ್ತಾನೆ. ಅಕ್ಕ ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾರೆ. ಅಲ್ಲಿಂದ ಕಾಣುವುದು ಸೈಕಲ್ ಸ್ಟ್ಯಾಂಡು, ಒಂದು ನಲ್ಲಿ, ಕಾಂಪೌಂಡು ಗೋಡೆ. ಅದನ್ನೇ ಎವೆಯಿಕ್ಕದೆ ನೋಡುತ್ತಾರೆ. ಆರೂ ಹದಿನೇಳಕ್ಕೆ ಪೆಟ್ಟಿಗೆ ಕೆಮ್ಮುತ್ತದೆ.

"ಹನ್ನೊಂದು. ಕೇಳಿಸ್ತಿದೆ. ತಿರುವಲ್ಲಿ ಲಾರಿ ಕೆಟ್ಟು ನಿಂತಿತ್ತು, ಪಕ್ಕಕ್ಕೆ ಹಾಕಿಸಿ ಬಂದ್ವಿ. ಓವರ್."

ಅಕ್ಕ ಬಂದು ಸ್ಟೂಲಿನ ಮೇಲೆ ಕೂತು, "ಹನ್ನೊಂದು: ಹದಿನೇಳು ನಿಮಿಷ" ಎಂದು ಬರೆಯುತ್ತಾರೆ. ಉದ್ದಣ್ಣ ನೀರಿನ ಲೋಟ ಮುಂದೆ ಸರಿಸುತ್ತಾನೆ. ಅವಳ ಜೊತೆ ಮಾತಾಡ್ತೀಯಾ ಅಕ್ಕ, ಎಂದು ಗುಂಡಿಯ ಕಡೆ ಕೈ ತೋರಿಸುತ್ತಾನೆ. ಅಕ್ಕ ತಲೆಯಾಡಿಸುತ್ತಾರೆ, ಬೇಡ ಎಂದು. ಒಂದೂವರೆ ತಿಂಗಳಿಂದ ಮಗಳು ಅಮ್ಮನ ಜೊತೆ ಮಾತು ಬಿಟ್ಟಿದ್ದಾಳೆ. ಯಾಕೆ ಬಿಟ್ಟಳು ಅನ್ನುವುದೇ ಈ ಅರ್ಜಿಯ ಕಥೆ.

ಅಕ್ಕ ಪೊಲೀಸರಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಟೈಪಿಸ್ಟಾಗಿ ಸೇರಿದವರು, ಈಗ ಇಪ್ಪತ್ತೊಂಬತ್ತು ವರ್ಷದ ಸೇವೆ. ಸಮವಸ್ತ್ರವಿಲ್ಲ, ಸೆಲ್ಯೂಟಿಲ್ಲ, ಪದಕದ ಪಟ್ಟಿಗೆ ಹೆಸರು ಹೋಗುವ ದಾರಿಯೇ ಇಲ್ಲ. ಸ್ಟೋರ್ ಕೋಣೆಯ ಬಾಗಿಲ ಪಕ್ಕ ಒಂದು ಮೇಜು, ಅದರ ಒಂದು ಕಾಲಿನ ಕೆಳಗೆ ಮಡಿಸಿದ ರಟ್ಟು. ಹನ್ನೆರಡು ವರ್ಷದ ಹಿಂದೆ ಇಲಾಖೆಯ ಆಧುನೀಕರಣ ನಿಧಿಯಿಂದ ಮೊದಲ ಸಲ ಅರ್ಜಿ ನಮೂನೆ ಬಂದಾಗ ಮೂವತ್ತೆಂಟು ಪುಟದ ಆ ಕಟ್ಟನ್ನು ನೋಡಿ ಒಬ್ಬೊಬ್ಬರೂ ಪಕ್ಕದವರ ಮೇಜಿಗೆ ದಾಟಿಸಿದರು. ಸ್ಟೋರ್ ಕೋಣೆಯ ಪಕ್ಕದ ಮೇಜಿನ ಆಚೆ ಇನ್ನು ಮೇಜು ಇರಲಿಲ್ಲ. "ಅದಾಗೇ ಬಂದು ನನ್ನ ಹತ್ರ ನಿಂತಿತು. ನಾನೇನು ಆಸೆಪಟ್ಟು ತಗೊಂಡಿದ್ದಲ್ಲ," ಎಂದು ಅಕ್ಕ ನಗುತ್ತಾರೆ.

ಅರ್ಜಿಗೆ ಹನ್ನೊಂದು ಸಹಿ ಬೇಕು, ಮೂರು ಪ್ರತಿ ಬೇಕು, ಪ್ರತಿಯೊಂದು ಸಾಮಾನಿಗೂ ಮೂರು ಅಂಗಡಿಯ ದರಪಟ್ಟಿ ಬೇಕು. ನಿಧಿಯ ಬಾಗಿಲು ವರ್ಷಕ್ಕೊಮ್ಮೆ ನಲವತ್ತೈದು ದಿನ ಮಾತ್ರ ತೆರೆದಿರುತ್ತದೆ. ಈ ಕೆಲಸಕ್ಕೆ ಅಕ್ಕನಿಗೆ ಹೆಚ್ಚಿನ ಸಂಬಳವಿಲ್ಲ. ಮಾಮೂಲಿ ಕಡತಗಳೆಲ್ಲ ಮುಗಿದ ಮೇಲೆ ಇದು. ಸಣ್ಣಪುಟ್ಟ ಗೆಲುವುಗಳೂ ಇವೆ. ಒಂದು ವರ್ಷ ಹೆಲ್ಮೆಟ್ಟು ಬಂದವು. ಇನ್ನೊಂದು ವರ್ಷ ನಲವತ್ತು ಟಾರ್ಚು ಬಂದವು. ಸ್ಟೋರಿನವರು ಅವನ್ನು ಪೆಟ್ಟಿಗೆ ಸಮೇತ ಒಳಗಿಟ್ಟು ಬೀಗ ಹಾಕಿದರು. ಕಳೆದುಹೋದರೆ ಯಾರು ಜವಾಬ್ದಾರಿ ಅನ್ನುವ ಭಯ. ಎರಡು ವರ್ಷ ಕಳೆದು ಬೀಗ ತೆಗೆದಾಗ ಸೆಲ್ಲು ಸೋರಿ ನಲವತ್ತೂ ಹಸಿರುಗಟ್ಟಿದ್ದವು.

"ಆವತ್ತೇ ನಂಗೆ ಅರ್ಥ ಆಗ್ಬೇಕಿತ್ತು," ಎನ್ನುತ್ತಾರೆ ಅಕ್ಕ. "ನಮ್ಮೋರಿಗೆ ಕಳ್ಳರ ಭಯ ಇಲ್ಲ. ಕಾಗದದ ಭಯ."

ಆ ಕಾಗದಕ್ಕೆ ಇಲಾಖೆಯಲ್ಲಿ ವಿವರಣೆ ಮೆಮೊ ಎಂದು ಹೆಸರು. ಸೆಟ್ಟು ಕೆಟ್ಟಿದೆ ಎಂದು ಲಾಗ್ ಪುಸ್ತಕದಲ್ಲಿ ಬರೆದರೆ, ಆ ದಿನ ಸೆಟ್ಟು ಯಾರ ಕೈಯಲ್ಲಿತ್ತೋ ಅವರಿಗೆ ಅದು ಬರುತ್ತದೆ. ಸರ್ಕಾರದ ವಸ್ತು ನಿಮ್ಮ ಸುಪರ್ದಿನಲ್ಲಿದ್ದಾಗ ಏಕೆ ಕೆಟ್ಟಿತು, ಇಪ್ಪತ್ನಾಲ್ಕು ಗಂಟೆಯೊಳಗೆ ಉತ್ತರಿಸಿ. ತಪ್ಪು ತನ್ನದಲ್ಲ ಎಂದು ಸಾಬೀತಾಗುವ ತನಕ ರಿಪೇರಿ ಖರ್ಚು ಸಂಬಳದಲ್ಲಿ ಕಡಿತ. ಪುಸ್ತಕದಲ್ಲಿದ್ದದ್ದು ಎರಡೇ ಕಾಲಂ: ಸರಿ ಇದೆ, ಕೆಟ್ಟಿದೆ. ಸೆಟ್ಟು ನೆಟ್ಟಗಿದ್ದು ಜಾಗವೇ ಕಿವುಡಾಗಿದ್ದರೆ ಬರೆಯಲು ಮೂರನೆಯ ಕಾಲಂ ಇರಲಿಲ್ಲ.

ಹೀಗಾಗಿ ಒಂದು ಪದ್ಧತಿ ಬೆಳೆದುಬಂತು. ಯಾರು ಶುರು ಮಾಡಿದರು ಎಂದು ಯಾರಿಗೂ ಗೊತ್ತಿಲ್ಲ. ಬೆಳಗಿನ ಕರೆಗೆ ಉತ್ತರ ಬರದಿದ್ದರೆ ವೈರ್‌ಲೆಸ್ ಕೋಣೆಯವರು ಫೋನ್ ಮಾಡುತ್ತಿದ್ದರು. "ಏನಪ್ಪಾ, ಸೆಟ್ಟು ಸರಿ ಇದೆಯಾ?" "ಸರಿ ಇದೆ ಅಂತ ಬರ್ಕೊಳ್ಳಿ ಅಣ್ಣ." ತಿರುವಿನಲ್ಲಿದ್ದವರು ತಿರುವು ದಾಟಿ ತಾವೇ ಫೋನ್ ಮಾಡುತ್ತಿದ್ದರು. ವೈರ್‌ಲೆಸ್ಸು ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ ಫೋನು! ಸ್ಟೇಷನ್ನಿನಲ್ಲೂ ಅಷ್ಟೇ, ಹೊರಡುವ ಮುಂಚೆಯೇ ಸೆಟ್ಟು ಹಿಡಿದವರು ಪುಸ್ತಕದಲ್ಲಿ "ಸರಿ ಇದೆ" ಎಂದು ಬರೆದು ಸಹಿ ಹಾಕಿಬಿಡುತ್ತಿದ್ದರು. ಯಾರೂ ಅದನ್ನು ಸುಳ್ಳು ಎಂದುಕೊಳ್ಳಲಿಲ್ಲ. ಬೂಟಿಗೆ ಪಾಲಿಶ್ ಹಾಕಿದ ಹಾಗೆ ಅದೂ ಒಂದು.

ಅರ್ಜಿ ಹೋಗುವುದಕ್ಕೆ ಸುಮಾರು ಒಂದೂವರೆ ವರ್ಷ ಮೊದಲು, ಒಂದು ಬೆಳಗಿನ ಐದೂವರೆಗೆ, ಉದ್ದಣ್ಣ ಹಾಗೆಯೇ "ಸರಿ ಇದೆ" ಎಂದು ಬರೆದು ಏಳನೆಯ ಸೆಟ್ಟು ಹಿಡಿದು ಹೊರಟ. ಜೊತೆಯವನಿಗೆ ಜ್ವರ ಎಂದು ಅವತ್ತು ಒಬ್ಬನೇ. ಕಿವುಡು ತಿರುವಿನಲ್ಲಿ ಕದ್ದ ಕಲ್ಲು ತುಂಬಿದ ಲಾರಿಗೆ ಕೈ ಅಡ್ಡ ಹಿಡಿದ. ಲಾರಿ ನಿಲ್ಲಲಿಲ್ಲ.

"ಏಳು ಸಲ ಕರೆದೆ," ಎನ್ನುತ್ತಾನೆ ಉದ್ದಣ್ಣ. "ಕಂಟ್ರೋಲ್, ಕಂಟ್ರೋಲ್ ಅಂತ. ಚರಚರ ಅಂತಿತ್ತು ಅಷ್ಟೆ. ಆಮೇಲೆ ಬಂಡೆ ನೋಡ್ಕೊಂಡು ಅಮ್ಮಾ ಅಂದೆ. ಅದಾದ್ರೂ ತಿರುಗಿ ಅಮ್ಮಾ ಅಂತು." ನಲವತ್ತು ನಿಮಿಷದ ಮೇಲೆ ಹಾಲಿನ ವ್ಯಾನಿನವರು ನೋಡಿ ಎತ್ತಿಕೊಂಡು ಹೋದರು. ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಲಾರಿ ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ.

ಈ ಸಲವಾದರೂ ನಿಧಿಯವರ ಮನಸ್ಸು ಕರಗುತ್ತದೆ ಎಂದು ಅಕ್ಕ ಆ ವರ್ಷ ಜೀವ ತೇದು ಅರ್ಜಿ ಬರೆದರು. ಅಪಘಾತದ ವರದಿ ಲಗತ್ತಿಸಿದರು. ಸೆಟ್ಟಿಲ್ಲದ ಗಸ್ತುಗಳಿಗೂ ಸೇರಿಸಿ ನಲವತ್ತು ಸೆಟ್ಟು, ಕಲ್ಲುಗಣಿಯ ಗುಡ್ಡದ ಮೇಲೊಂದು ಕಂಬ, ಎದೆಗೆ ಸಿಕ್ಕಿಸಿಕೊಳ್ಳುವ ಹನ್ನೆರಡು ಕ್ಯಾಮೆರಾ ಕೇಳಿದರು. ಜೊತೆಗೆ ತಮ್ಮ ಬುದ್ಧಿ ಓಡಿಸಿ ಒಂದು ಪಟ್ಟಿಯನ್ನೂ ಸೇರಿಸಿದರು. ಲಾಗ್ ಪುಸ್ತಕಗಳನ್ನೆಲ್ಲ ತರಿಸಿ, ಕೂಡಿಸಿ, ಗೀಟು ಎಳೆದು, ಜಿಲ್ಲೆಯ ಸೆಟ್ಟುಗಳು ನೂರಕ್ಕೆ ತೊಂಬತ್ತೊಂಬತ್ತು ದಿನ ಸುಸ್ಥಿತಿಯಲ್ಲಿರುತ್ತವೆ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದರು.

"ಕೊಟ್ಟಿದ್ದನ್ನ ಚೆನ್ನಾಗಿ ನೋಡ್ಕೊಳ್ಳೋರಿಗೆ ಇನ್ನಷ್ಟು ಕೊಡ್ತಾರೆ ಅಂದ್ಕೊಂಡೆ ನಾನು. ಮನೇಲಿ ಹಾಗೇ ಅಲ್ವಾ? ಪಾತ್ರೆ ತೊಳೆದು ವಾಪಸ್ ಕೊಟ್ರೆ ಪಕ್ಕದ ಮನೆಯೋರು ಮತ್ತೆ ಕೊಡ್ತಾರೆ."

ಐದು ತಿಂಗಳಿಗೆ ಉತ್ತರ ಬಂತು. ಪೇದೆಗಾದ ಅಪಘಾತ ವಿಷಾದನೀಯ. ಆದರೆ ನಿಮ್ಮದೇ ದಾಖಲೆಯ ಪ್ರಕಾರ ಆ ದಿನ ಏಳನೆಯ ಸೆಟ್ಟು ಸರಿ ಇತ್ತು. ನಿಮ್ಮ ಸೆಟ್ಟುಗಳು ನೂರಕ್ಕೆ ತೊಂಬತ್ತೊಂಬತ್ತು ದಿನ ಸರಿ ಇರುತ್ತವೆ. ಹೊಸದರ ಅಗತ್ಯ ಕಂಡುಬರುವುದಿಲ್ಲ.

ಅದೇ ವಾರ ಮಗಳಿಗೆ ಹೆದ್ದಾರಿ ಗಸ್ತು ಬಿದ್ದಿತ್ತು. ಹನ್ನೊಂದನೆಯ ಸೆಟ್ಟು.

ಅಂದಿನಿಂದ ಐದೂ ಹತ್ತರ ಬಸ್ಸು. ಯಾರೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ವೈರ್‌ಲೆಸ್ ಕೋಣೆಗೆ ಬದಲಾಗಿ ಬಂದಿದ್ದ ಉದ್ದಣ್ಣ ಸ್ಟೂಲು ಹಾಕಿಕೊಟ್ಟ. ನೋಟ್‌ಬುಕ್ಕಿನಲ್ಲಿ ಅಕ್ಕ ನಾಲ್ಕು ಕಾಲಂ ಗೀಚಿದರು: ಮೊದಲ ಕರೆ, ಎರಡನೆಯದು, ಮೂರನೆಯದು, ಫೋನು. ಇನ್ನೂರ ಮೂವತ್ತೆಂಟು ಬೆಳಗು, ಹದಿನಾಲ್ಕು ಸೆಟ್ಟು. ಮೊದಲ ಕರೆಗೇ ಉತ್ತರ ಬಂದದ್ದು ನೂರಕ್ಕೆ ಐವತ್ತೊಂದು ಸಲ. ಹನ್ನೊಂದನೆಯ ಸೆಟ್ಟಿನಿಂದ ವೈರ್‌ಲೆಸ್ಸಿನಲ್ಲಿ ಉತ್ತರವೇ ಬರದ, ಬರೀ ಫೋನು ಬಂದ ದಿನ ನೂರ ಎಪ್ಪತ್ತು. ಅದರಲ್ಲಿ ಅರವತ್ತಮೂರು ದಿನ "ಸರಿ ಇದೆ" ಎಂದು ಬರೆದ ಸಹಿ ಅಕ್ಕನ ಮಗಳದು. ಉಳಿದದ್ದು ಅವಳ ಜೊತೆ ಪಾಳಿ ಹಂಚಿಕೊಂಡವರದು.

ಮುಂದಿನ ಅರ್ಜಿಯ ದಿನ ಹತ್ತಿರ ಬಂತು. ನಿಧಿಯ ನಿಯಮ ಸರಳ: ಏನೇ ಅಂಕಿ ಕೊಟ್ಟರೂ ಅದರ ಮೂಲ ಪುಸ್ತಕದ ಪ್ರತಿ, ಸಹಿ ಸಮೇತ, ಜೊತೆಗಿರಬೇಕು. ಅಕ್ಕನ ನೋಟ್‌ಬುಕ್ಕನ್ನೂ ಲಾಗ್ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟರೆ ಯಾರು ಯಾವತ್ತು ಸುಳ್ಳು ಬರೆದರು ಎಂದು ಕುರುಡರಿಗೂ ಕಾಣುತ್ತದೆ. ಮೂವತ್ತೆರಡು ಜನ.

ಉದ್ದಣ್ಣನೇ ಮೊದಲು ಬಾಯಿ ಬಿಟ್ಟ. "ಹನ್ನೊಂದನ್ನ ಬಿಟ್ಬಿಡಕ್ಕ. ಹದಿಮೂರು ಸೆಟ್ಟಿನ ಲೆಕ್ಕ ಸಾಕು. ಯಾರೂ ಕೇಳಲ್ಲ."

"ಹನ್ನೊಂದನ್ನ ಬಿಟ್ರೆ ಕಂಬ ಯಾತಕ್ಕೆ ಬೇಕು ಅಂತ ಏನು ಬರೀಲಿ? ಈಗ ತಿರುವಿಗೆ ಹೋಗೋ ಸೆಟ್ಟು ಅದೊಂದೇ ಅಲ್ವೇನಪ್ಪ."

"ನಿನ್ನ ಮಗಳ ಕಥೆ?"

ಅಕ್ಕ ಆ ಪುಟವನ್ನು ಫೈಲಿನಿಂದ ತೆಗೆದು ಡ್ರಾಯರಿಗೆ ಹಾಕಿದರು. ಮಾರನೆಯ ದಿನ ತೆಗೆದು ಫೈಲಿಗೆ ಸೇರಿಸಿದರು. ಮತ್ತೆ ಡ್ರಾಯರಿಗೆ ಹಾಕಿದರು. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದ ಮಗಳು ಕೈ ತೊಳೆದು ಊಟಕ್ಕೆ ಕೂತಾಗ ಅಕ್ಕ ತಟ್ಟೆಯ ಪಕ್ಕ ಆ ಪುಟ ಇಟ್ಟರು.

ಮಗಳು ಓದಿದಳು. "ಇದು ನನ್ನ ಸಹಿ."

"ಹೂಂ."

"ಅರವತ್ತಮೂರು ಸಲ ಎಣಿಸಿದ್ದೀಯ."

"ಎರಡು ಸಲ ಎಣಿಸಿದೆ ಕಣೇ. ಕಮ್ಮಿ ಆಗುತ್ತೇನೋ ಅಂತ."

"ಬೇರೆ ಯಾರ ಅಮ್ಮಾನೂ ಮಗಳ ಮೇಲೆ ದೂರು ಬರೆಯಲ್ಲ."

"ಇದು ದೂರಲ್ಲ. ಅರ್ಜಿ."

"ನಂಗೆ ಎರಡೂ ಒಂದೇ ಥರ ಕಾಣ್ತಿದೆ. ಸ್ಟೇಷನ್ನಲ್ಲಿ ಎಲ್ರೂ ನನ್ನ ಮುಖ ನೋಡಿ ಏನಂತಾರೆ ಗೊತ್ತಾ? ಇವಳಮ್ಮನೇ ನಮ್ಮನ್ನ ಹಿಡ್ಕೊಟ್ಟಿದ್ದು ಅಂತಾರೆ."

"ಅನ್ಲಿ. ಅನ್ನೋದಕ್ಕೆ ನೀನು ಎದುರಿಗೆ ಇರ್ತೀಯಲ್ಲ, ಅಷ್ಟು ಸಾಕು."

ಅಕ್ಕನ ಗಂಡ ಟೈಲರ್. ಪೊಲೀಸರ ಖಾಕಿ ಹೊಲಿಯುವುದೇ ಅವರ ಮುಖ್ಯ ಕೆಲಸ. ನಡುಮನೆಯ ಹೊಲಿಗೆ ಮಿಷನ್ನಿನ ಹಿಂದಿನಿಂದ ತಲೆ ಎತ್ತಿ, ವಾತಾವರಣ ತಿಳಿಯಾಗಲಿ ಎಂದು, "ಕೆಲಸ ಹೋದ್ರೆ ಇಬ್ರೂ ಬಂದು ಗುಂಡಿ ಹೊಲೀರಿ, ಮೂರು ತಿಂಗಳ ಬಾಕಿ ಇದೆ," ಎಂದರು. ಮಗಳು ಅರ್ಧ ಊಟಕ್ಕೆ ಎದ್ದಳು. ಅವತ್ತಿನಿಂದ ಮನೆಯಲ್ಲಿ ಅಮ್ಮ ಮಗಳ ನಡುವಿನ ಮಾತೆಲ್ಲ ಟೈಲರಣ್ಣನ ಮೂಲಕವೇ.

ಸಾಹೇಬರ ಕೋಣೆಯಲ್ಲಿ ಇನ್ನೊಂದು ಬಗೆಯ ಭಯ ಕಾದಿತ್ತು. ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಕೆಟ್ಟವರಲ್ಲ. ಉದ್ದಣ್ಣನನ್ನು ಆಸ್ಪತ್ರೆಗೆ ಹೋಗಿ ಐದು ಸಲ ನೋಡಿಕೊಂಡು ಬಂದವರು. ಪುಟಗಳನ್ನು ತಿರುವಿಹಾಕುತ್ತಾ ಅವರ ಮುಖ ಹುಳ್ಳಗಾಯಿತು.

"ಇದನ್ನ ಕಳಿಸಿದ್ರೆ ಅವರು ಮೊದಲು ಕೇಳೋದು ನನ್ನನ್ನ, ಗೊತ್ತಾ? ಇಷ್ಟು ವರ್ಷ ಏನು ಮಾಡ್ತಿದ್ರಿ ಅಂತ."

"ಗೊತ್ತು ಸಾರ್. ಎರಡನೇದು ನನ್ನನ್ನ ಕೇಳ್ತಾರೆ. ತೊಂಬತ್ತೊಂಬತ್ತು ಅಂತ ಬರೆದಿದ್ದು ನಾನೇ ಅಲ್ವಾ."

"ನಿಮಗೆ ಹೆದರಿಕೆ ಆಗಲ್ವಾ?"

"ಆಗುತ್ತೆ ಸಾರ್. ಆದ್ರೆ ಬೆಳಿಗ್ಗೆ ಆರು ಗಂಟೆಗೆ ಆಗೋ ಹೆದರಿಕೆ ಮುಂದೆ ಇದು ಏನೂ ಅಲ್ಲ. ಒಂದು ದಿನ ಬಂದು ಆ ಸ್ಟೂಲ್ ಮೇಲೆ ಕೂತ್ಕೊಳ್ಳಿ."

ಸಾಹೇಬರು ಬಂದರು. ಅವತ್ತು ಹನ್ನೊಂದು ಹತ್ತು ನಿಮಿಷಕ್ಕೆ ಉತ್ತರ ಕೊಟ್ಟಿತು, ವಿಶೇಷವೇನೂ ನಡೆಯಲಿಲ್ಲ. ಆದರೂ ಹೊರಗೆ ಹೋಗುವಾಗ ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು ಎಂದು ಉದ್ದಣ್ಣ ಹೇಳುತ್ತಾನೆ. ಮಧ್ಯಾಹ್ನ ಸಹಿ ಹಾಕಿದರು. ಲಾಗ್ ಪುಸ್ತಕದಲ್ಲಿ "ಉತ್ತರವಿಲ್ಲ" ಎಂಬ ಮೂರನೆಯ ಕಾಲಂ ಎಳೆಯಿರಿ, ಅದರಲ್ಲಿ ಬರೆದವರಿಗೆ ಮೆಮೊ ಇಲ್ಲ, ಫೋನಿನಲ್ಲಿ ಕೇಳಿ ಬರೆಯುವುದು ಇವತ್ತಿಗೇ ನಿಲ್ಲಬೇಕು ಎಂದು ಆದೇಶವನ್ನೂ ಹೊರಡಿಸಿದರು. ಅರ್ಜಿಯ ಕಟ್ಟನ್ನು ಅಕ್ಕ ತಾವೇ ಅಂಚೆ ಕಚೇರಿಗೆ ಹೊತ್ತುಕೊಂಡು ಹೋದರು. ರಸೀದಿ ಕೈಗೆ ಬಂದ ಮೇಲೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ. "ಮಗಳನ್ನೇ ಕಟ್ಟಿ ಕಳಿಸ್ಬಿಟ್ಟೆ ಅನ್ನಿಸ್ತು."

ಹದಿನೇಳು ನಿಮಿಷದ ಆ ಬೆಳಗು ಬಂದದ್ದು ಇದಾದ ನಲವತ್ತೊಂದನೆಯ ದಿನ.

ನಿಧಿಯ ಉತ್ತರಕ್ಕೆ ಮುಂಚೆ ಕೇಂದ್ರ ಕಚೇರಿಯಿಂದ ತನಿಖೆಯವರು ಬಂದರು. ಮೂರು ದಿನ ಕೂತು ಪುಸ್ತಕಗಳನ್ನೆಲ್ಲ ನೋಡಿದರು. ಮೂವತ್ತೆರಡು ಜನಕ್ಕೂ ಮೆಮೊ ಹೋಯಿತು. ಸಾಹೇಬರ ಹೊಸ ಆದೇಶ ಹಳೆಯ ಸುಳ್ಳುಗಳನ್ನು ಕಾಪಾಡಲಿಲ್ಲ. ಉದ್ದಣ್ಣನಿಗೂ ಒಂದು ಬಂತು: ಅಪಘಾತವಾದ ದಿನ ಸೆಟ್ಟು ಸರಿ ಇದೆ ಎಂದು ಏಕೆ ಬರೆದಿರಿ? ಅವನು ಬರೆದ ಉತ್ತರ ಈಗ ಜಿಲ್ಲೆಯಲ್ಲೆಲ್ಲ ಪ್ರಸಿದ್ಧ. "ಆ ದಿನ ಸೆಟ್ಟು ಸರಿ ಇರಲಿಲ್ಲ, ನಾನೂ ಸರಿ ಇರಲಿಲ್ಲ. ಕಾಲು ಮಾತ್ರ ಸರಿ ಇತ್ತು."

ಸ್ಟೇಷನ್ನುಗಳಲ್ಲಿ ಕೆಲವರು ಅಕ್ಕನನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗತೊಡಗಿದರು. ಮೇಜಿನ ಮೇಲಿನ ಗಾಜಿನ ಕೆಳಗೆ ಯಾರೋ ಒಂದು ಚೀಟಿ ಇಟ್ಟು ಹೋದರು: "ಅಕ್ಕ, ಸರಿ ಇದೆಯಾ?" ಅಕ್ಕ ಅದನ್ನು ಹರಿಯಲಿಲ್ಲ. ಕೆಳಗೆ "ಇಲ್ಲ" ಎಂದು ಬರೆದು ಅಲ್ಲೇ ಇಟ್ಟರು. ಅದು ಈಗಲೂ ಗಾಜಿನ ಕೆಳಗಿದೆ.

ಒಂದು ವರ್ಷ ಕಳೆದು, ಮತ್ತದೇ ವೈರ್‌ಲೆಸ್ ಕೋಣೆ. ಅದೇ ಕಿಟಕಿ, ಅದೇ ಸ್ಟೂಲು. ಆರಕ್ಕೆ ಇನ್ನೂ ಎರಡು ನಿಮಿಷವಿದೆ. ಮೇಜಿನ ಮೇಲಿನ ಪೆಟ್ಟಿಗೆ ಹಳೆಯದೇ, ಆದರೆ ಅದರ ಪಕ್ಕ ಹೊಸದೊಂದು ಸಣ್ಣ ಯಂತ್ರ ಕೂತಿದೆ. ಅದರ ಹಸಿರು ದೀಪ ಉರಿದರೆ ಗುಡ್ಡದ ಮೇಲಿನ ಕಂಬ ಎಚ್ಚರವಾಗಿದೆ ಎಂದರ್ಥ. ಅಕ್ಕ ಬಂದ ಕೂಡಲೇ ನೋಡುವುದು ಅದನ್ನೇ. ದೀಪ ಉರಿಯುತ್ತಿದೆ. ಆದರೂ ಅಕ್ಕ ಮತ್ತೆ ಮತ್ತೆ ಗಡಿಯಾರದ ಕಡೆ ನೋಡುತ್ತಾರೆ. ಅದು ಈಗ ಅಭ್ಯಾಸವಾಗಿ ಹೋಗಿದೆ, ದೀಪದಿಂದ ಹೋಗುವಂಥದ್ದಲ್ಲ.

"ಈಗ್ಲೂ ಯಾಕಕ್ಕ ಬರ್ತೀಯ? ಮನೇಲಿ ಮಲಗ್ಬಾರ್ದಾ?" ಎಂದು ಉದ್ದಣ್ಣ ಛೇಡಿಸುತ್ತಾನೆ.

"ಮಲಗಿದ್ರೂ ಆರು ಗಂಟೆಗೆ ಎದೆ ಧಸಕ್ ಅಂತ ಎಬ್ಬಿಸುತ್ತೆ. ಅಲ್ಲಿ ಧಸಕ್ ಅನ್ನಿಸ್ಕೊಳ್ಳೋ ಬದ್ಲು ಇಲ್ಲೇ ಬಂದು ಅನ್ನಿಸ್ಕೊಳ್ತೀನಿ. ನೀನು ಕರಿ, ಆರಾಯ್ತು."

ಒಂದರಿಂದ ಹತ್ತರವರೆಗೆ ಕರೆ ಸಾಗುತ್ತದೆ. ನಾಲ್ಕು ಮತ್ತು ಒಂಬತ್ತು ಇನ್ನೂ ಹಳೆಯ ಸೆಟ್ಟುಗಳೇ. ಒಂಬತ್ತು ಮೂರನೆಯ ಕರೆಗೆ ಓಗೊಡುತ್ತದೆ. ಒಂಬತ್ತರ ಗಸ್ತು ನದಿಯ ಏರಿಯ ಮೇಲೆ. ಅಕ್ಕ ಅದರ ಮುಂದೆ ಒಂದು ಗುರುತು ಹಾಕುತ್ತಾರೆ. ಮುಂದಿನ ಅರ್ಜಿ ಅಲ್ಲಿಂದ ಶುರುವಾಗಬೇಕು. ಏರಿಯ ಮೇಲೆ ಓಡಾಡುವವರು ಬೇರೆಯವರ ಮಕ್ಕಳು ಎಂದು ಅಕ್ಕನ ಭಯ ಕಡಿಮೆಯೇನೂ ಆಗಿಲ್ಲ.

"ಹನ್ನೊಂದು, ಹನ್ನೊಂದು, ಕಂಟ್ರೋಲ್ ಕರೀತಿದೆ."

ಅಕ್ಕನ ಪೆನ್ನು ಕಾಲಂಗಳ ಮೇಲೆ ನಿಂತಿದೆ.

"ಹನ್ನೊಂದು. ಕೇಳಿಸ್ತಿದೆ, ಓವರ್."

ತಿರುವಿನ ಒಳಗಿನಿಂದಲೇ, ಮೊದಲ ಕರೆಗೇ, ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ ದನಿ. ಅಕ್ಕ ಮೊದಲ ಕಾಲಮ್ಮಿನಲ್ಲಿ ಒಂದು ಗೀಟು ಎಳೆಯುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಆಕೆ ಆ ಪುಟದ ಮೇಲೆ ಬೆರಳಿಟ್ಟು ತೋರಿಸುತ್ತಾರೆ. "ಒಂದು ದಿನ ಹದಿನಾಲ್ಕೂ ಮೊದಲನೇ ಕರೆಗೇ ಓ ಅನ್ಬೇಕು. ಒಂದೇ ಒಂದು ದಿನ ಸಾಕು. ಆಮೇಲೆ ನಾನು ಒಂಬತ್ತು ಗಂಟೆ ಬಸ್ಸಿಗೆ ಬರ್ತೀನಿ."

ಕೇಳಿದ ನಲವತ್ತು ಸೆಟ್ಟಿನಲ್ಲಿ ಸಿಕ್ಕಿದ್ದು ಹನ್ನೆರಡು. ಕಂಬ ಸಿಕ್ಕಿತು. ಕ್ಯಾಮೆರಾ ಸಿಗಲಿಲ್ಲ. ಐವತ್ತಕ್ಕಿಂತ ಹೆಚ್ಚು ಸುಳ್ಳು ಸಹಿ ಹಾಕಿದ ನಾಲ್ವರಿಗೆ ಒಂದು ವರ್ಷದ ಇಂಕ್ರಿಮೆಂಟು ಹೋಯಿತು. ಅಕ್ಕನ ಮಗಳು ಅವರಲ್ಲಿ ಒಬ್ಬಳು. ಉಳಿದ ಇಪ್ಪತ್ತೆಂಟು ಜನ ಎಚ್ಚರಿಕೆಯಲ್ಲಿ ಪಾರಾದರು. ಹಿಂದೆ ತೊಂಬತ್ತೊಂಬತ್ತರ ತಪ್ಪು ಪಟ್ಟಿ ಕಳಿಸಿದ್ದಕ್ಕೆ ಅಕ್ಕನಿಗೆ ಈ ವರ್ಷ ಸಿಗಬೇಕಿದ್ದ ಹೆಡ್ ಕ್ಲರ್ಕ್ ಹುದ್ದೆ ಇನ್ನೊಬ್ಬರಿಗೆ ಹೋಯಿತು. ಮಗಳು ಮನೆಯಲ್ಲಿ ಮಾತಾಡುತ್ತಾಳೆ, ಆದರೆ ಮೊದಲಿನ ಹಾಗಲ್ಲ. ಕಂಬ ನಿಂತು ಐದು ತಿಂಗಳಾಯಿತು. ಈ ಐದು ತಿಂಗಳಲ್ಲಿ ಹನ್ನೊಂದು ಉತ್ತರ ಕೊಡದ ಬೆಳಗು ಒಂದೂ ಇಲ್ಲ.